ಸುರೇಖಾ ಓದುವ ಸುದ್ದಿ

ಮೊಬೈಲ್ ಕ್ಯಾಮೆರಾದ ಮುಂದೆ ಸುರೇಖಾ ಕೂದಲು ಸರಿಮಾಡಿಕೊಂಡಳು. ಆಚೆಯ ಮೇಜಿನ ಹಿಂದೆ ಕುಳಿತಿದ್ದ ಗುರುಬಸವನ ಹೊಟ್ಟೆ ಉರಿಯಿತು.

ಗಂಗಾವತಿಯ ಈ ಪತ್ರಿಕೆಯಲ್ಲಿ ಅವನು ತಲೆ ನರೆತ ವರದಿಗಾರ. ಅವಳು ಮೊನ್ನೆಮೊನ್ನೆಯವರೆಗೆ ಟೈಪ್ ಮಾಡುತ್ತಿದ್ದವಳು. ಕಾಗದದ ದರ ಏರಿ, ಓದುವವರು ಇಳಿದ ಮೇಲೆ ಮಾಲೀಕ ಹಂಪಣ್ಣ ಭಾನುವಾರ ಮಾತ್ರ ಪತ್ರಿಕೆ ಮುದ್ರಿಸಿ, ಉಳಿದ ದಿನಗಳ ಸುದ್ದಿಯನ್ನೆಲ್ಲ ಮೊಬೈಲಿಗೆ ಹಾಕತೊಡಗಿದ್ದ. ಬರೆಯುವವನು ಗುರುಬಸವ, ಓದುವವಳು ಸುರೇಖಾ. ಕಾರಟಗಿಯ ಅಕ್ಕಿ ಗಿರಣಿಯವರೂ ಈಗ ಜಾಹೀರಾತು ಕೊಡುವಾಗ, "ಆ ಮೇಡಮ್ಮಾರ ಬಾಯಿಲೇನ ಹೇಳಿಸ್ರಿ" ಎನ್ನುತ್ತಿದ್ದರು.

"ವಿಡಿಯೋದ ಕೆಳಗ ನನ್ನ ಹೆಸರಾದ್ರೂ ಹಾಕ್ರಿ, ಸಾವಕಾರ್ರ" ಎಂದು ಗುರುಬಸವ ಕೇಳಿಯೂ ನೋಡಿದ್ದ.

"ಹೆಸರು ಯಾರ್ ಓದ್ತಾರೋ ಮಾರಾಯಾ? ಮಂದಿಗೆ ಮುಖ ಬೇಕು" ಎಂದಿದ್ದ ಹಂಪಣ್ಣ.

ಮುಖವಂತೆ! ಆ ಮುಖ ಒಮ್ಮೆ ಊರೆದುರು ಬೆಪ್ಪಾಗಲಿ ಎಂದೇ ಇಂದಿನ ನೇರಪ್ರಸಾರಕ್ಕೆ ಅವನು ಉಸಿರುಬಿಡಲೂ ಜಾಗವಿಲ್ಲದ ವಾಕ್ಯ ಹೆಣೆದುಕೊಟ್ಟಿದ್ದ.

"ಕಾಲುವೆಯ ಕೊನೆಯಂಚಿನ ಅಚ್ಚುಕಟ್ಟು ಪ್ರದೇಶದ ಭತ್ತದ ಬೆಳೆಗೆ ಸಮರ್ಪಕ ಪ್ರಮಾಣದಲ್ಲಿ ನೀರು ಹರಿಸುವ ನಿಟ್ಟಿನಲ್ಲಿ..." ಸುರೇಖಾ ತಡವರಿಸಿದಳು. ಗುರುಬಸವ ಮೀಸೆಯಲ್ಲೇ ನಕ್ಕ. ಅವಳು ಹಾಳೆ ಮಡಚಿ ಪಕ್ಕಕ್ಕಿಟ್ಟಳು.

"ಕಾಲುವಿ ಕಡೀ ಹೊಲದ ಮಂದಿ, ಕೇಳ್ರಿಲ್ಲೆ! ನಾಳಿ ಮುಂಜಾನಿ ನಿಮ್ಮ ಕಾಲುವಿಗೆ ನೀರು ಬರತೈತಿ. ಮ್ಯಾಲಿನ ಹೊಲದವರು ತಡದ್ರ ಕೇಸ್ ಹಾಕ್ತಾರಂತ. ಲಗೂನ ಗದ್ದಿ ಬದು ಗಟ್ಟಿ ಮಾಡ್ಕೋರ್ರಿ!"

ಪ್ರಸಾರ ಮುಗಿಯುತ್ತಲೇ ಹಂಪಣ್ಣ ಚಪ್ಪಾಳೆ ತಟ್ಟಿದ. "ಗುರುಬಸವ, ನಾಳಿಯಿಂದ ನೀನೂ ಹಿಂಗ ಬರಿ."

ಸೇಡಿಗೆ ಹೋಗಿ ಅವಳನ್ನೇ ಮೇಲೆ ಕೂರಿಸಿದಂತಾಯಿತು. ಅವನು ಯಾರಿಗೂ ಹೇಳದೆ ಎದ್ದು ಮನೆಗೆ ಬಂದ.

ಅವ್ವ ಪಾರ್ವತೆಮ್ಮ ಮೊಬೈಲ್ ಹಿಡಿದು ಕೂತಿದ್ದಳು. ಅವಳಿಗೆ ಅಕ್ಷರ ಬಾರದು. ಮಗ ಏನು ಬರೆಯುತ್ತಾನೆಂದು ಇಷ್ಟು ವರ್ಷ ಅವಳಿಗೆ ಯಾರೂ ಓದಿ ಹೇಳಿರಲಿಲ್ಲ, ಅವನೂ ಸಹ. ಮೊಬೈಲಿನಲ್ಲಿ ಬರುವುದು ಅವನ ಪತ್ರಿಕೆಯದೇ ಸುದ್ದಿಯೆಂದೂ ಅವಳಿಗೆ ಗೊತ್ತಿರಲಿಲ್ಲ.

"ಬಾರಪಾ ಬಸು, ಈ ಹುಡುಗಿನ್ನ ನೋಡಿಲ್ಲೆ. ನಿನ್ನಿ ಹೇಮಗುಡ್ಡದಾಗ ಹೂ ಮಾರೋ ಮುದುಕಿ ಸುದ್ದಿ ಓದಿದ್ಲು. ಕೇಳಿ ಅಳುನ ಬಂತು ನನಗ."

ಬಿಸಿಲಲ್ಲಿ ಹೇಮಗುಡ್ಡಕ್ಕೆ ಹೋಗಿ, ಆ ಮುದುಕಿಯ ಪಕ್ಕ ಕೂತು, ಒಂದೊಂದು ಮಾತನ್ನೂ ಬರೆದು ತಂದವನು ಗುರುಬಸವ. ಅವನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಮುಂದುವರಿಸಿದಳು.

"ನೀನೂ ಪೇಪರಿನ್ಯಾಗ ಅದೀಯಲ್ಲೋ, ಇಂಥಾದ್ದು ಒಂದಾದ್ರೂ ಬರಿಯಪಾ."