ಒಣ ಕಸಬರಿಗಿ

ಹೊಂಡದ ಮೆಟ್ಟಿಲ ಮೇಲೆ ಜಾರಿಬಿದ್ದ ಮಹಾದೇವಕ್ಕನ ಕಾಲಿಗೆ ಕಟ್ಟು ಕಟ್ಟುತ್ತಿದ್ದರೆ, ನೆರೆಮನೆಯ ಶಾರವ್ವ ಆಕೆಯ ಸೀರೆಗೆ ಮೆತ್ತಿದ ಹಸಿರು ಲೋಳೆಯನ್ನೇ ಒರೆಸುತ್ತಿದ್ದಳು. ಒರೆಸಿದಷ್ಟೂ ಅದು ಅವಳ ಬೆರಳಿಗೇ ಅಂಟುತ್ತಿತ್ತು.

ಮೆಟ್ಟಿಲ ಪಾಚಿ ತಿಕ್ಕುವ ಪಾಳಿ ವಾರಕ್ಕೊಂದು ಮನೆಯದು. ತಿಕ್ಕಿದವರು ಮೋಟು ಕಸಬರಿಗಿಯನ್ನು ಮುಂದಿನ ಮನೆಯ ಬಾಗಿಲಿಗೆ ಸಿಗಿಸಬೇಕು. ನಿನ್ನೆ ಸವಣೂರಿಗೆ ಸಿನಿಮಾ ನೋಡಲು ಹೊರಟ ಅವಸರದಲ್ಲಿ ಶಾರವ್ವ ತಿಕ್ಕದೆಯೇ ಅದನ್ನು ಮಹಾದೇವಕ್ಕನ ಬಾಗಿಲಿಗೆ ಸಿಗಿಸಿ ಹೋಗಿದ್ದಳು.

“ಹೊಂಡಕ್ಕ ಯಾಕ ಹೋದ್ರಿ ಅಕ್ಕಾರ? ನೀರು ನಾ ತಂದ್ಕೊಡ್ತಿದ್ನಲ್ರಿ” ಎಂದಳು, ತಲೆ ಎತ್ತದೆ.

“ನೀರಿಗಲ್ಲವ್ವ.” ಮಹಾದೇವಕ್ಕ ಅವಳ ಕೈ ಹಿಡಿದಳು. “ನೀ ಸಿಗಿಸಿಹೋದ ಕಸಬರಿಗ್ಯಾಗ ಹನಿ ನೀರಿದ್ದಿಲ್ಲ. ಪಾಪ, ಹುಡುಗಿಗೆ ಮೈಯಾಗ ಆರಾಮಿಲ್ಲೇನೋ, ಆಕಿ ಪಾಳಿ ನಾನ ತಿಕ್ಕಿ ಬರೂಣು ಅಂತ ಹೋಗಿದ್ನಿ.”