ಮಿಣುಕದ ದೀಪ

ಗಚ್ಚಿಬೌಲಿಯ ಇಂಟರ್‌ನೆಟ್ ಕಂಪನಿಯ ಕೇಂದ್ರದಲ್ಲಿ, ಲೈನುಗಳನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದ ಕಸ್ತೂರಿಯ ಕೈ ಒಂದು ಹಸಿರು ದೀಪದ ಮುಂದೆ ನಿಂತುಬಿಟ್ಟಿತು. ಬೆನ್ನ ಹಿಂದೆ ಎಂಜಿನಿಯರ್ ಹರ್ಷದಾಳ ಫೋನಿನಲ್ಲಿ ಸಿಕಂದರಾಬಾದಿನ ಆಸ್ಪತ್ರೆಯವರು ಕೂಗಾಡುತ್ತಿದ್ದರು. ಅಲ್ಲಿ ಕೂಸೊಂದರ ಹೃದಯದ ಆಪರೇಷನ್ ನಡೆಯುತ್ತಿತ್ತು. ದೂರದಿಂದ ನೋಡಿ ಸಲಹೆ ಕೊಡಬೇಕಾದ ಡಾಕ್ಟರಿಗೆ ವಿಡಿಯೊ ನಿಂತು ನಿಂತು ಹೋಗುತ್ತಿತ್ತು.

“ಆಸ್ಪತ್ರಿಗೆ ಹೋಗೋ ಎರಡೂ ಲೈನ್ ಹಸಿರೇ ಅದಾವಲ್ಲ!” ಹರ್ಷದಾ ಹಣೆ ಒತ್ತಿಕೊಂಡಳು.

ಕಸ್ತೂರಿ ದೀಪಗಳತ್ತ ಬೆರಳು ತೋರಿದಳು. “ಅಕ್ಕಾರ, ದಿನಾ ಎರಡೂ ದೀಪ ಮಿಣುಕತಾವ್ರಿ. ಇವತ್ತ ಮ್ಯಾಲಿಂದು ಒಂದ ಸವನ ಬಡಕೊಳ್ಳಾಕತ್ತೈತಿ, ಕೆಳಗಿಂದು ಮುಂಜಾನಿಂದ ಒಮ್ಮಿನೂ ಮಿಣುಕಿಲ್ರಿ.”

ಹರ್ಷದಾ ಬಂದು ಬಗ್ಗಿ ನೋಡಿದಳು. “ಅಯ್ಯ, ನಮ್ಮ ಮ್ಯಾನೇಜರಂಗ! ಹಾಜರಿ ಐತಿ, ಕೆಲಸಿಲ್ಲ.” ಡೇಟಾದ ಹೊರೆಯೆಲ್ಲ ಮೇಲಿನ ಒಂದೇ ಲೈನಿನ ಮೇಲೆ ಬಿದ್ದು, ಕೆಳಗಿನದು ಖಾಲಿಯಿತ್ತು. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಆಸ್ಪತ್ರೆಯ ವಿಡಿಯೊವನ್ನು ಖಾಲಿ ಲೈನಿಗೆ ತಿರುಗಿಸಿದಳು. ಕೆಳಗಿನ ದೀಪ ಒಮ್ಮೆ ಮಿಣುಕಿತು, ಆಮೇಲೆ ನಿಲ್ಲಲೇ ಇಲ್ಲ. ಫೋನಿನಲ್ಲಿ ಕೂಗಾಟ ಅಡಗಿ, ಚಿತ್ರ ಸ್ಪಷ್ಟವಾಯಿತೆಂಬ ಮಾತು ಬಂತು.

ಹರ್ಷದಾ ಕಸ್ತೂರಿಯ ಕೈಯಿಂದ ಬಟ್ಟೆ ತೆಗೆದು ಪಕ್ಕಕ್ಕಿಟ್ಟು, ತನ್ನ ಕುರ್ಚಿಯನ್ನೇ ಅವಳತ್ತ ಎಳೆದಳು. “ಕುಂದರವಾ. ಉಳಿದ ದೀಪ ಏನ್ ಹೇಳಾಕತ್ತಾವ, ನನಗೂ ಕಲಿಸು.”