ಗಾಸ್ಪರನ ಪಾಲು

ಗುಂಡಿಯ ಬಿಸಿ ಮಣ್ಣು ಸರಿಸಿ ಬಾಳೆಲೆ ಬಿಡಿಸಿದಾಗ, ಕೆಂಪು ಮಸಾಲೆ, ಹುಳಿಕಿತ್ತಳೆ ಹಾಕಿ ಬೇಯಿಸಿದ ಹಂದಿಮಾಂಸದ ಘಮ ಅಂಗಳ ತುಂಬಿತು. ಫಿದೇಲಿಯಾ ಮೊದಲ ತುಂಡನ್ನು ಮಗ ಗಾಸ್ಪರನ ತಟ್ಟೆಗೆ ಹಾಕಿದಳು. ಸೆಲೆಸ್ತೂನ್ ಬಂದರಿನಿಂದ ಮೀನಿಗೆ ಹೋದವನ ದೋಣಿ ಬಿರುಗಾಳಿಗೆ ಸಿಕ್ಕಿ ವರ್ಷಗಳಾಗಿದ್ದವು, ಹೆಣ ಸಿಕ್ಕಿರಲಿಲ್ಲ. ಅವನು ಬಂದೇ ಬರುತ್ತಾನೆಂದು ಅವಳು ಆ ತಟ್ಟೆಯನ್ನು ಪ್ರತಿ ಹಬ್ಬಕ್ಕೂ ಊಟದ ಮೇಜಿನ ಮೇಲೆಯೇ ಇಡುತ್ತಿದ್ದಳು.

“ಕೊಡಿ ಅತ್ತೆ, ಮೇಜಿನ ಮೇಲಿಡ್ತೀನಿ,” ಎಂದಳು ಗಾಸ್ಪರನ ಹೆಂಡತಿ ನೆಲ್ಮಿ.

“ಬೇಡ, ನಾನೇ ಇಡ್ತೀನಿ.”

ಅಂದು ಸತ್ತವರು ಮನೆಗೆ ಬಂದು ಉಣ್ಣುವ ದಿನ. ಮೂಲೆಯಲ್ಲಿ ತೀರಿಹೋದವರ ಪಟಗಳಿಗೆ ಹೂವಿಟ್ಟು ಎಡೆ ಹಾಕಿತ್ತು. ಫಿದೇಲಿಯಾ ಮೇಜನ್ನು ದಾಟಿ ಹೋಗಿ ತಟ್ಟೆಯನ್ನು ಆ ಪಟಗಳ ಮುಂದಿಟ್ಟಳು.

“ಅವನ ಹೆಸರಲ್ಲೂ ಒಂದು ಮೇಣದಬತ್ತಿ ಹಚ್ಚು ಮಗಳೇ,” ಎಂದಳು.

ನೆಲ್ಮಿ ಕಡ್ಡಿ ಗೀರಿದಳು. ಬತ್ತಿಗೆ ತಾಗಿಸದೆ, ಅದು ಬೆರಳವರೆಗೆ ಉರಿದು ಆರುವ ತನಕ ಹಿಡಿದೇ ಇದ್ದಳು.